ಚಕ್ಕಳಮಕ್ಕಳ ಹಾಕುವ ಕಾಲು, ಸಾರಿನಲ್ಲಿ ಕುದಿಯುವ ಮೀನು

ಬಡವರಿಗೆಂದು ತಯಾರಾದ ಆರೋಗ್ಯ ಸಾಧನಗಳಲ್ಲಿ ಕೆಲವು ಮನೆಯವರಂತೆ ಉಳಿದುಬಿಡುತ್ತವೆ, ಬಹಳಷ್ಟು ಅಟ್ಟ ಸೇರುತ್ತವೆ. ಈ ವ್ಯತ್ಯಾಸ ಬರೀ ಬೆಲೆಯದ್ದಲ್ಲ.

ಹಳ್ಳಿಮನೆಯ ಬೆಳಗನ್ನು ಮನುಷ್ಯರ ಕಾಲುಗಳನ್ನಷ್ಟೇ ನೋಡುತ್ತ ಹಿಂಬಾಲಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅಲ್ಲಿ ಕುರ್ಚಿಗೆ ಹೆಚ್ಚು ಕೆಲಸವಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಡುವಾಕೆ ಮಂಡಿ ಮಡಿಸಿ ಬಗ್ಗಿರುತ್ತಾಳೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವವರು ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬಚ್ಚಲಲ್ಲಿ ಪಾತ್ರೆ ತಿಕ್ಕುವುದೂ, ಬೆಳಗಿನ ಬಹಿರ್ದೆಸೆಯೂ ಕುಕ್ಕರಗಾಲಲ್ಲೇ. ತಿಂಡಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಕು. ದೇವರಮನೆಗೆ ಚಪ್ಪಲಿ ಸಲ್ಲದು, ಅಡುಗೆಮನೆಗೂ ಸಲ್ಲದು. ಆಮೇಲೆ ಗದ್ದೆಗೆ ಇಳಿದರೆ ಮೊಳಕಾಲುದ್ದ ಕೆಸರು, ಹತ್ತಿದರೆ ಅಂಕುಡೊಂಕು ಬದು.

ಅದೇ ಮನೆಯಲ್ಲಿ ಒಬ್ಬರಿಗೆ ಮೊಣಕಾಲಿನ ಕೆಳಗೆ ಕಾಲಿಲ್ಲ ಎಂದುಕೊಳ್ಳೋಣ. 1960ರ ದಶಕದಲ್ಲಿ ದೊಡ್ಡಾಸ್ಪತ್ರೆಯಲ್ಲಿ ಅವರಿಗೆ ಸಿಗುತ್ತಿದ್ದುದು ಪಶ್ಚಿಮದ ದೇಶಗಳ ಮಾದರಿಯ ಕೃತಕ ಪಾದ. ಹಿಮ್ಮಡಿ ಮಾತ್ರ ಮೆತ್ತಗೆ, ಉಳಿದದ್ದು ಬಿರುಸು. ಪಾದದ ಕೀಲು ಬಗ್ಗುತ್ತಿರಲಿಲ್ಲ. ಬೂಟಿನೊಳಗೆ ಇಡಲೆಂದೇ ರೂಪಿಸಿದ್ದರಿಂದ ಬೂಟಿಲ್ಲದೆ ನಡೆದರೆ ಬೇಗ ಸವೆಯುತ್ತಿತ್ತು, ನೀರು ತಾಗಿದರೆ ಕೆಡುತ್ತಿತ್ತು.

ಕುರ್ಚಿ, ಮೇಜು, ಬೂಟು ಇರುವ ಮನೆಯಲ್ಲಿ ಆ ಪಾದಕ್ಕೆ ಹೆಸರಿಡುವ ಹಾಗಿರಲಿಲ್ಲ. ನೆಲದ ಮೇಲೆ ಬದುಕುವ ಮನೆಯಲ್ಲಿ ಮಾತ್ರ ಅದು ಮನುಷ್ಯನನ್ನು ಊಟದ ಪಂಕ್ತಿಯಿಂದ, ದೇವರಮನೆಯಿಂದ, ಗದ್ದೆಯಿಂದ ಆಚೆಗೆ ಇಡುತ್ತಿತ್ತು. ಜನ ಅದನ್ನು ಬಿಚ್ಚಿಟ್ಟು ಊರುಗೋಲು ಹಿಡಿದರು. ಆಸ್ಪತ್ರೆಯ ಕಡತ ಅವರಿಗೆ ಕಾಲು ಕೊಟ್ಟಾಗಿದೆ ಎಂದೇ ಹೇಳುತ್ತಿತ್ತು.

ಬಡವರ ಆರೋಗ್ಯದ ಸಾಧನ ಎಂದ ಕೂಡಲೇ ಚರ್ಚೆ ಬೆಲೆಗೆ ಬಂದು ನಿಲ್ಲುತ್ತದೆ. ಬೆಲೆ ಮುಖ್ಯ, ಅನುಮಾನವಿಲ್ಲ. ಆದರೆ ಪುಕ್ಕಟೆ ಬಂದದ್ದೂ ಮೂಲೆ ಸೇರುವುದನ್ನು ನೋಡಿದವರಿಗೆ ಬೆಲೆಯೊಂದೇ ಉತ್ತರವಲ್ಲ ಎಂಬುದು ಗೊತ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಸಂಗಡಿಗರು ಬಡ ದೇಶಗಳ ಆಸ್ಪತ್ರೆಗಳ ಸಲಕರಣೆಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 40 ಯಂತ್ರಗಳು ಕೆಲಸ ಮಾಡದೆ ಬಿದ್ದಿದ್ದವು. ಬಿಡಿಭಾಗ ಸಿಗದ್ದು, ಕರೆಂಟು ನೆಟ್ಟಗಿಲ್ಲದ್ದು, ಕಲಿಸಿಕೊಡುವವರಿಲ್ಲದ್ದು ಇದಕ್ಕೆಲ್ಲ ಕಾರಣ. ಇದು ಆಸ್ಪತ್ರೆಯ ಒಳಗಿನ ಕಥೆ. ಮನೆಗೆ ಹೋಗುವ ಸಾಧನಕ್ಕೆ ಇನ್ನೂ ಕಠಿಣ ಪರೀಕ್ಷೆ ಕಾದಿರುತ್ತದೆ. ಅಲ್ಲಿ ಅತ್ತೆ ಇರುತ್ತಾರೆ, ನೆರೆಯವರಿರುತ್ತಾರೆ, ಒಲೆ ಇರುತ್ತದೆ, ದೃಷ್ಟಿಯ ಭಯವಿರುತ್ತದೆ, ಮನೆಗೆಲ್ಲ ಸೇರಿ ಒಂದೇ ಫೋನ್ ಇರುತ್ತದೆ.

ಟೈರ್ ಅಂಗಡಿಯ ಪಾಠ

ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಇದ್ದರು. ಎಲ್ಲರಿಗೂ ಅವರು ‘ಮಾಸ್ಟರ್‌ಜಿ’. ಶಾಲೆ ಕಲಿತದ್ದು ಕಡಿಮೆ, ಕೈಯಲ್ಲಿ ಶಿಲ್ಪಿಯ ವಿದ್ಯೆ. ರೋಗಿಗಳಿಗೆ ಕರಕುಶಲ ಕೆಲಸ ಕಲಿಸುವುದು ಅವರ ಉದ್ಯೋಗ. ಕೃತಕ ಕಾಲು ಪಡೆದವರು ಅದನ್ನು ಬಿಟ್ಟು ಕುಂಟುತ್ತ ಹೋಗುವುದನ್ನು ಅವರು ದಿನವೂ ನೋಡುತ್ತಿದ್ದರು. ಅದೇ ಆಸ್ಪತ್ರೆಯ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಕಲಿತದ್ದು ಬ್ರಿಟನ್ನಿನ ಪದ್ಧತಿ, ಚಿಕಿತ್ಸೆ ಕೊಡಬೇಕಾದದ್ದು ರಾಜಸ್ಥಾನದ ರೈತರಿಗೆ. ಇಬ್ಬರನ್ನೂ ಕಾಡಿದ್ದು ಒಂದೇ ಪ್ರಶ್ನೆ.

ಶರ್ಮಾ ಬಗೆಬಗೆಯ ವಸ್ತುಗಳಲ್ಲಿ ಪಾದ ಮಾಡಿ ನೋಡಿದರು. ಒಂದು ತೂಕವಾಯಿತು, ಒಂದು ಮುರಿಯಿತು. ಉತ್ತರ ಸಿಕ್ಕ ಬಗೆಯ ಕಥೆ ಪ್ರಸಿದ್ಧ. ಸೈಕಲ್ಲಿನ ಚಕ್ರ ಪಂಕ್ಚರ್ ಆಗಿ ಅವರು ಟೈರ್ ರಿಪೇರಿ ಅಂಗಡಿಯ ಮುಂದೆ ಕಾಯುತ್ತಿದ್ದಾಗ, ಅಲ್ಲಿ ಸವೆದ ಲಾರಿ ಟೈರಿಗೆ ಹೊಸ ರಬ್ಬರ್ ಹಾಕಿ ಬೇಯಿಸುತ್ತಿದ್ದರಂತೆ. ಲಾರಿಯ ಭಾರ ತಡೆಯುವ ರಬ್ಬರ್ ಮನುಷ್ಯನ ಭಾರ ತಡೆಯದೇ? 1968ರ ಹೊತ್ತಿಗೆ ಜೈಪುರ ಪಾದ ಸಿದ್ಧವಾಯಿತು. ಡಾ. ಎಸ್.ಸಿ. ಕಾಸ್ಲಿವಾಲ್ ಮತ್ತು ಡಾ. ಮಹೇಶ್ ಉದಾವತ್ ಅವರೂ ಅದರ ಹಿಂದಿದ್ದರು.

ಅದರ ಒಳರಚನೆ ಸರಳ. ಮುಂಗಾಲು ಮತ್ತು ಹಿಮ್ಮಡಿಗೆ ಸ್ಪಂಜಿನಂಥ ರಬ್ಬರ್, ಕೀಲಿನ ಜಾಗಕ್ಕೆ ಮರ, ಇವನ್ನೆಲ್ಲ ಸುತ್ತಿ ಟೈರಿನ ದಾರ ಮತ್ತು ಮೈಬಣ್ಣದ ರಬ್ಬರ್, ಆಮೇಲೆ ಅಚ್ಚಿನಲ್ಲಿಟ್ಟು ಬೇಯಿಸುವುದು. ಹೀಗೆ ಮಾಡಿದ ಪಾದ ಎಲ್ಲ ದಿಕ್ಕಿಗೂ ಅಷ್ಟಿಷ್ಟು ಬಗ್ಗುತ್ತದೆ. ಕುಕ್ಕರಗಾಲು ಹಾಕಬಹುದು, ಚಕ್ಕಳಮಕ್ಕಳ ಕೂರಬಹುದು, ಉಬ್ಬುತಗ್ಗಿನ ನೆಲದಲ್ಲಿ ನಡೆಯಬಹುದು, ಮರ ಹತ್ತಿದವರೂ ಇದ್ದಾರೆ. ನೀರಿಗೆ ಹೆದರಬೇಕಿಲ್ಲ. ಬೆರಳುಗಳ ಆಕಾರವಿದೆ, ಹೆಬ್ಬೆರಳು ಬೇರೆಯಾಗಿ ನಿಲ್ಲುತ್ತದೆ, ಆದ್ದರಿಂದ ಹವಾಯಿ ಚಪ್ಪಲಿ ಹಾಕಲು ಬರುತ್ತದೆ. ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಕಾಲು ಕಳೆದುಕೊಂಡವರಿಗೆ ಈ ಕೊನೆಯದು ನಡಿಗೆಯಷ್ಟೇ ದೊಡ್ಡ ವಿಷಯ.

1975ರಲ್ಲಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಪಾದವನ್ನು ಜನರಿಗೆ ಮುಟ್ಟಿಸಿತು. ಪಾದದಷ್ಟೇ ಜಾಣತನ ಸಮಿತಿಯ ವ್ಯವಸ್ಥೆಯಲ್ಲೂ ಇತ್ತು. ಬಂದವರಿಗೆ ಹಣವಿಲ್ಲದೆ ಕಾಲು. ಬಹುಪಾಲು ಮಂದಿ ಅಂದೇ ಅಥವಾ ಮರುದಿನ ಊರಿಗೆ ವಾಪಸ್. ಕೂಲಿ ಬಿಟ್ಟು ಬಂದವನನ್ನು ಮೂರು ಸಲ ಓಡಾಡಿಸಿದರೆ ನಾಲ್ಕನೆಯ ಸಲ ಅವನು ಬರುವುದಿಲ್ಲ. ಪಾದದ ಪೇಟೆಂಟ್ ಯಾರೂ ತೆಗೆದುಕೊಳ್ಳಲಿಲ್ಲ. ನೆಲಬಾಂಬುಗಳಿಗೆ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದವರ ತನಕ ಅದು ಹೋಯಿತು. ಅಪಘಾತದಲ್ಲಿ ಕಾಲು ಕಳೆದುಕೊಂಡ ನೃತ್ಯಗಾತಿ ಸುಧಾ ಚಂದ್ರನ್ ಇದೇ ಪಾದ ತೊಟ್ಟು ಮತ್ತೆ ವೇದಿಕೆ ಹತ್ತಿ, ‘ಮಯೂರಿ’ ಚಿತ್ರದಲ್ಲಿ ತಮ್ಮ ಕಥೆಯನ್ನೇ ಅಭಿನಯಿಸಿದರು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಾಸ್ಟರ್‌ಜಿಯ ಹೆಸರು ಹೊರಗೆ ಕೇಳಿಬರಲು ಮಾತ್ರ ಬಹಳ ವರ್ಷ ಬೇಕಾಯಿತು. ಕೈಕೆಲಸದವರಿಗೆ ನಮ್ಮಲ್ಲಿ ಮನ್ನಣೆ ಯಾವಾಗಲೂ ತಡ.

ಕೊರತೆಗಳೂ ಇವೆ. ಕೈಯಿಂದ ತಯಾರಾಗುವುದರಿಂದ ಒಂದು ಪಾದ ಇದ್ದಂತೆ ಇನ್ನೊಂದು ಇರುವುದಿಲ್ಲ, ತೂಕ ಹೆಚ್ಚು ಎಂಬ ಟೀಕೆ ಹಳೆಯದು. ಮೊಣಕಾಲಿನ ಮೇಲೆ ಕಾಲು ಹೋದವರಿಗೆ ಬರೀ ಪಾದ ಸಾಲದು. ಅದಕ್ಕಾಗಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೊಂದಿಗೆ ಸೇರಿ ರೂಪಿಸಿದ ಅಗ್ಗದ ‘ಜೈಪುರ ಮಂಡಿ’ಯನ್ನು ಟೈಮ್ ಪತ್ರಿಕೆ 2009ರ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು.

ಅಂಕಿ ಅಳಿಸಿದಾಗ

ಅದೇ ಸ್ಟ್ಯಾನ್‌ಫೋರ್ಡ್‌ನಲ್ಲಿ 2007ರಲ್ಲಿ ಒಂದು ತರಗತಿಗೆ ಕೊಟ್ಟ ಕೆಲಸ ಹೀಗಿತ್ತು: ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಅಗ್ಗದ ಇನ್‌ಕ್ಯುಬೇಟರ್ ಮಾಡಿ. ಯಂತ್ರದ ಬೆಲೆ ಆಗ ಸುಮಾರು ಇಪ್ಪತ್ತು ಸಾವಿರ ಡಾಲರ್. ತಂಡದ ಲೈನಸ್ ಲಿಯಾಂಗ್ ನೇಪಾಳಕ್ಕೆ ಹೋಗಿ ನೋಡಿದರೆ ಕಠ್ಮಂಡುವಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಇದ್ದವು. ಮಕ್ಕಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ; ಆಸ್ಪತ್ರೆ ತಲುಪುವ ಮೊದಲೇ ಅವು ತಣ್ಣಗಾಗುತ್ತಿದ್ದವು.

ಹೀಗಾಗಿ ಇನ್‌ಕ್ಯುಬೇಟರ್ ಬಿಟ್ಟು ತಂಡ ಒಂದು ಪುಟ್ಟ ಚೀಲ ಮಾಡಿತು. ಒಳಗೆ ಮೇಣದಂಥ ವಸ್ತುವಿನ ಒಂದು ಪೊಟ್ಟಣ. ಅದನ್ನು ಕಾಯಿಸಿ ಕರಗಿಸಿದರೆ ಗಟ್ಟಿಯಾಗುವವರೆಗೂ ಹಲವು ಗಂಟೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಸದಾ ಕರೆಂಟು ಬೇಕಿಲ್ಲ, ಮಗು ತಾಯಿಯ ತೋಳಲ್ಲೇ ಇರಬಹುದು. ‘ಎಂಬ್ರೇಸ್’ ಎಂಬ ಹೆಸರಿನಲ್ಲಿ ತಂಡ ಬೆಂಗಳೂರಿಗೆ ಬಂದು ನೆಲೆಸಿ ಅದನ್ನು ಉತ್ಪನ್ನವಾಗಿ ರೂಪಿಸಿತು.

ಪೊಟ್ಟಣಕ್ಕೆ ಮೊದಲು ಉಷ್ಣತೆಯ ಅಂಕಿ ತೋರಿಸುವ ಪಟ್ಟಿ ಇತ್ತು. ಅದನ್ನು ತೋರಿಸಿ ಹಳ್ಳಿಯ ತಾಯಂದಿರನ್ನು ಮಾತಾಡಿಸಿದಾಗ ಹೊರಬಿದ್ದ ಸಂಗತಿ ಯಾವ ಪ್ರಯೋಗಾಲಯದಲ್ಲೂ ಸಿಗುವಂಥದ್ದಲ್ಲ. ಇಂಗ್ಲಿಷ್ ಔಷಧ ಬಲು ಜೋರು ಎಂಬುದು ಅನೇಕರ ನಂಬಿಕೆ. ಡಾಕ್ಟರು ಒಂದು ಚಮಚ ಎಂದರೆ ಕೂಸಿಗೆ ಅರ್ಧ ಚಮಚ. 37 ಡಿಗ್ರಿ ಎಂದರೆ? ಮಗುವಿಗೆ ಹೆಚ್ಚಾದೀತು, 30ಕ್ಕೇ ಸಾಕು ಎನ್ನುವುದು ಅದೇ ಲೆಕ್ಕಾಚಾರ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಎಳೆಗೂಸಿಗೆ ಯಾವುದನ್ನೂ ಸ್ವಲ್ಪ ಕಡಿಮೆಯೇ ಕೊಡುವ ಎಚ್ಚರ ನಮ್ಮ ಅಜ್ಜಿಯರದ್ದೂ ಹೌದು, ಎಷ್ಟೋ ಸಲ ಅದೇ ಸರಿ. ಈ ಪೊಟ್ಟಣದ ವಿಷಯದಲ್ಲಿ ಮಾತ್ರ ಅದು ಜೀವಕ್ಕೆ ಅಪಾಯ.

ತಂಡ ತಾಯಂದಿರಿಗೆ ಉಪನ್ಯಾಸ ಕೊಡಲು ಹೋಗಲಿಲ್ಲ. ಅಂಕಿಯನ್ನೇ ತೆಗೆದು, ಸರಿಯಾಗಿ ಬೆಚ್ಚಗಾಗಿದೆ ಅಥವಾ ಆಗಿಲ್ಲ ಎಂದಷ್ಟೇ ಸೂಚಿಸುವ ಗುರುತು ಹಾಕಿತು. ಅರ್ಧ ಮಾಡಲು ಅಲ್ಲಿ ಏನೂ ಉಳಿಯಲಿಲ್ಲ.

ಯಂತ್ರವೇ ಬೇಡದ ಉಪಾಯ

ಕಡಿಮೆ ತೂಕದ ಮಕ್ಕಳ ಮಾತು ಬಂದಾಗ ಬೊಗೋಟಾವನ್ನು ನೆನೆಯದಿದ್ದರೆ ಆಗದು. ಕೊಲಂಬಿಯಾದ ಆ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸುತ್ತಿದ್ದರು. ಸೋಂಕು ಹರಡುತ್ತಿತ್ತು. 1978ರಲ್ಲಿ ಡಾ. ಎಡ್ಗರ್ ರೇ ಮಗುವನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಬಿಡುವ ಕ್ರಮ ಶುರುಮಾಡಿದರು. ಅದೇ ಇಂದಿನ ಕಾಂಗರೂ ಆರೈಕೆ.

ಬಡ ದೇಶದ ಅನಿವಾರ್ಯ ಏರ್ಪಾಡು ಎಂದು ಬಹುಕಾಲ ಮೂಗು ಮುರಿಸಿಕೊಂಡ ಈ ಕ್ರಮ ಇಂದು ಎಲ್ಲರ ಶಿಫಾರಸು. ದೆಹಲಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಗು ಸುಧಾರಿಸಿಕೊಳ್ಳುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಕೊಟ್ಟಾಗ ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿತ್ತು.

ಇಲ್ಲಿ ಯಂತ್ರವಿಲ್ಲ, ಆದರೆ ವಿನ್ಯಾಸದ ಕೆಲಸ ತುಂಬ ಇದೆ. ಕರ್ನಾಟಕದ ಕೊಪ್ಪಳ ಜಿಲ್ಲೆ ಈ ಆರೈಕೆಯನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತರುವ ಪ್ರಯತ್ನಕ್ಕೆ ಆಯ್ಕೆಯಾದ ಜಾಗಗಳಲ್ಲಿ ಒಂದು. ಕೊಪ್ಪಳದಂಥ ಊರಿನ ವಾರ್ಡನ್ನು ಕಣ್ಣಮುಂದೆ ತಂದುಕೊಂಡರೆ ಸಮಸ್ಯೆ ತಾನಾಗಿ ಕಾಣುತ್ತದೆ. ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕಾಲ ಕೂಸನ್ನು ಎದೆಗವಚಿಕೊಂಡಿರಬೇಕು. ಬಾಣಂತಿಗೆ ಒರಗಿ ಕೂರುವ ಆಸನ ಬೇಕು. ಗಂಡಸರು ಓಡಾಡುವ ವಾರ್ಡಿನಲ್ಲಿ ಪರದೆ ಬೇಕು. ಮುಂದೆ ತೆರೆಯುವ ಕುಪ್ಪಸವೋ ನೈಟಿಯೋ ಬೇಕು. ಬೇಸಿಗೆಯ ಸೆಕೆಗೆ ಫ್ಯಾನ್ ಬೇಕು. ಜತೆಗೆ ಬಂದ ತಾಯಿಗೋ ಅತ್ತೆಗೋ ಮಲಗಲು ಜಾಗ ಬೇಕು. ಅವರಿಲ್ಲದೆ ಬಾಣಂತಿ ಊಟಕ್ಕೂ ಏಳುವಂತಿಲ್ಲ.

ನಂಬಿಕೆಯ ವಿಚಾರದಲ್ಲಿ ನಮ್ಮ ಬಾಣಂತನ ಈ ಕ್ರಮಕ್ಕೆ ಅರ್ಧ ಸ್ನೇಹಿತ, ಅರ್ಧ ವಿರೋಧಿ. ತಾಯಿ ಮಗು ಒಂದೇ ಕೋಣೆಯಲ್ಲಿ ಬೆಚ್ಚಗಿರಬೇಕು ಎಂಬುದು ಇಲ್ಲಿ ಹೊಸ ಮಾತಲ್ಲ. ಆದರೆ ಮಗುವನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಬೇಕೆಂಬುದು ಅಜ್ಜಿಯ ಶಾಸ್ತ್ರ. ಟೋಪಿ, ಲಂಗೋಟಿ ಬಿಟ್ಟು ಮಿಕ್ಕ ಬಟ್ಟೆ ಬಿಚ್ಚಿ ಎಂದರೆ ಅವರು ಸಿಡುಕುವುದು ಸಹಜ. ಅಂಥ ಅಜ್ಜಿಗೇ ಒಂದು ಸರದಿ ಕೊಟ್ಟು, ಆಕೆಯ ಎದೆಯ ಮೇಲೆ ಮಗುವನ್ನು ಮಲಗಿಸುವುದು ದಾದಿಯರಿಗೆ ತಿಳಿದ ದಾರಿ. ಅಪ್ಪನೂ ಸರದಿ ತೆಗೆದುಕೊಳ್ಳಬಹುದು, ವೈದ್ಯಶಾಸ್ತ್ರಕ್ಕೆ ತಕರಾರಿಲ್ಲ.

ಅದೃಷ್ಟದ ಮೀನು, ಅಯೋಡಿನ್ ಬಿಂದಿ

ಇಲ್ಲಿಯವರೆಗಿನದನ್ನು ಓದಿ, ಜನರ ನಂಬಿಕೆಗೆ ಹೊಂದಿಸಿದರೆ ಸಾಕು, ಸಾಧನ ಗೆದ್ದಂತೆ ಎಂದುಕೊಳ್ಳುವವರಿಗೆ ಕಾಂಬೋಡಿಯಾದ ಕಥೆ ಇದೆ.

ಅಲ್ಲಿನ ಹಳ್ಳಿಗಳಲ್ಲಿ ಹೆಂಗಸರ ರಕ್ತಹೀನತೆ ವ್ಯಾಪಕ. 2008ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ರಿಸ್ಟೋಫರ್ ಚಾರ್ಲ್ಸ್ ಅಲ್ಲಿಗೆ ಹೋದರು. ಮಾತ್ರೆ ಕೊಂಡು ನುಂಗುವ ಬದಲು ಅಡುಗೆಯ ಪಾತ್ರೆಯಲ್ಲೇ ಒಂದು ಕಬ್ಬಿಣದ ತುಂಡು ಹಾಕಿ ಕುದಿಸಿದರೆ ಸಾರಿಗೆ ಕಬ್ಬಿಣದ ಅಂಶ ಇಳಿಯುತ್ತದೆ ಎಂಬುದು ಉಪಾಯ. ನಮ್ಮಲ್ಲಿ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಹಾಕಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ತಿನ್ನುವ ಸಾರಿಗೆ ಕಬ್ಬಿಣದ ಗಟ್ಟಿ ಹಾಕಲು ಯಾರೂ ಒಪ್ಪಲಿಲ್ಲ. ತಾವರೆಯ ಆಕಾರ ಕೊಟ್ಟರು, ಅದೂ ನಡೆಯಲಿಲ್ಲ. ಕೊನೆಗೆ ಆ ಸೀಮೆಯವರು ಅದೃಷ್ಟ ತರುತ್ತದೆಂದು ನಂಬುವ ಒಂದು ನದಿಮೀನಿನ ಆಕಾರದಲ್ಲಿ ಎರಕ ಹೊಯ್ದರು. ಹೆಂಗಸರು ಅದನ್ನು ನಗುನಗುತ್ತ ಪಾತ್ರೆಗೆ ಹಾಕಿಕೊಂಡರು. ಮೊದಲ ಪ್ರಯೋಗಗಳ ಫಲಿತಾಂಶವೂ ಚೆನ್ನಾಗಿ ಕಂಡಿತು. ‘ಅದೃಷ್ಟದ ಕಬ್ಬಿಣದ ಮೀನು’ ಜಗತ್ತಿನ ಪತ್ರಿಕೆಗಳಲ್ಲಿ ಈಜಾಡಿತು.

2017ರಲ್ಲಿ ಪ್ರಕಟವಾದ ಬಿಗಿಯಾದ ಪ್ರಯೋಗವೊಂದು ಈ ಸಂಭ್ರಮಕ್ಕೆ ತಣ್ಣೀರೆರಚಿತು. ಒಂದು ವರ್ಷ ಮೀನು ಬಳಸಿದರೂ ಹೆಂಗಸರ ಹಿಮೋಗ್ಲೋಬಿನ್ ಏರಲಿಲ್ಲ. ಕಾರಣ ಮೀನಿನಲ್ಲಿ ಇರಲಿಲ್ಲ. ಅಲ್ಲಿನ ರಕ್ತಹೀನತೆಗೆ ಕಬ್ಬಿಣದ ಕೊರತೆಗಿಂತ ಹೆಚ್ಚಾಗಿ ವಂಶವಾಹಿಯಿಂದ ಬರುವ ಹಿಮೋಗ್ಲೋಬಿನ್ ದೋಷಗಳು ಕಾರಣವಾಗಿದ್ದವು. ಆ ರಕ್ತಹೀನತೆಯನ್ನು ಕಬ್ಬಿಣ ಸರಿಪಡಿಸದು. ಆಕಾರವನ್ನು ಎರಡು ಸಲ ತಿದ್ದಿದ ಶ್ರದ್ಧೆಯಲ್ಲಿ ಒಂದು ಪಾಲು ರಕ್ತಪರೀಕ್ಷೆಗೆ ಮೊದಲೇ ಹೋಗಿದ್ದರೆ ಇಷ್ಟು ದೂರದ ಪ್ರಯಾಣ ಉಳಿಯುತ್ತಿತ್ತು.

2015ರ ‘ಜೀವನ್ ಬಿಂದಿ’ಯೂ ಹೆಚ್ಚು ಕಡಿಮೆ ಇದೇ ಜಾತಿಯದು. ಸಿಂಗಪುರದ ಜಾಹೀರಾತು ಸಂಸ್ಥೆಯೊಂದರ ಸೇವಾ ವಿಭಾಗ ನಾಸಿಕ್‌ನ ವೈದ್ಯಕೀಯ ಪ್ರತಿಷ್ಠಾನದ ಜತೆ ಸೇರಿ, ಹಣೆಯ ಬಿಂದಿಯ ಹಿಂಬದಿಗೆ ಅಯೋಡಿನ್ ಲೇಪಿಸಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹಂಚಿತು. ಹೆಂಗಸರು ಹೇಗೂ ಬಿಂದಿ ಇಡುತ್ತಾರೆ, ಚರ್ಮದ ಮೂಲಕ ಅಯೋಡಿನ್ ಒಳಗೆ ಹೋಗಲಿ ಎಂಬುದು ಕಲ್ಪನೆ. ಫೋಟೊಗೆ ಚೆಂದ, ಸುದ್ದಿಗೆ ಇನ್ನೂ ಚೆಂದ. ಹಣೆಯ ಮೇಲಿನ ಅಷ್ಟಗಲದ ಚುಕ್ಕೆಯಿಂದ ದಿನಕ್ಕೆ ಎಷ್ಟು ಅಯೋಡಿನ್ ರಕ್ತ ಸೇರುತ್ತದೆ ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆ ಇರಲಿಲ್ಲ. ಬಿಂದಿ ಇಡದ ಗಂಡಸರು, ಮಕ್ಕಳು, ವಿಧವೆಯರ ಗತಿಯೇನು ಎಂಬ ಪ್ರಶ್ನೆಯೂ ಇತ್ತು. ಗಳಗಂಡದ ವಿರುದ್ಧದ ರಾಷ್ಟ್ರೀಯ ಕಾರ್ಯಕ್ರಮ 1962ರಿಂದಲೇ ಉಪ್ಪನ್ನು ನಂಬಿಕೊಂಡು ಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 94 ಮನೆಗಳಲ್ಲಿ ಅಯೋಡಿನ್ ಬೆರೆತ ಉಪ್ಪು ಬಳಕೆಯಲ್ಲಿದೆ. ಜಾತಿ, ಲಿಂಗ, ವಯಸ್ಸು ನೋಡದೆ ಎಲ್ಲರ ತಟ್ಟೆಗೂ ಬೀಳುವುದು ಉಪ್ಪು. ಇದಕ್ಕಿಂತ ‘ಸಂಸ್ಕೃತಿಗೆ ಹೊಂದುವ’ ವಾಹನ ಇನ್ನೊಂದಿಲ್ಲ. ಅದರ ಫೋಟೊ ಮಾತ್ರ ಯಾರೂ ತೆಗೆಯುವುದಿಲ್ಲ.

ಜೈಪುರ ಪಾದಕ್ಕೂ ಈ ಬಿಂದಿಗೂ ಇರುವ ಅಂತರ ಇಲ್ಲಿದೆ. ಪಾದ ಮಾಡಿದವರು ಜನರ ಮೈ ಹೇಗೆ ಬಗ್ಗುತ್ತದೆ ಎಂಬುದರಿಂದ ಶುರುಮಾಡಿದರು. ಬಿಂದಿ ಮಾಡಿದವರು ಜನ ಹೊರಗಿನಿಂದ ಹೇಗೆ ಕಾಣುತ್ತಾರೆ ಎಂಬುದರಿಂದ ಶುರುಮಾಡಿದರು.

ಒಲೆಯ ಮುಂದೆ

ಅಡುಗೆಮನೆಯ ಹೊಗೆ ಶ್ವಾಸಕೋಶಕ್ಕೆ ಮಾಡುವ ಹಾನಿ ಈಗ ಎಲ್ಲರಿಗೂ ಗೊತ್ತು. ಅದನ್ನು ತಗ್ಗಿಸುವ ಕೆಲಸದಲ್ಲಿ ಕರ್ನಾಟಕ ಮೊದಲಿಗರ ಸಾಲಿನಲ್ಲಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡು ಹಳ್ಳಿಯವರ ನಡುವೆಯೇ ಕೆಲಸ ಮಾಡಿತು. ಹೊಗೆಕೊಳವೆ ಇರುವ, ಒಂದೇ ಉರಿಗೆ ಮೂರು ಪಾತ್ರೆ ಇಡಬಹುದಾದ ‘ಅಸ್ತ್ರ ಒಲೆ’ ಅಲ್ಲಿಂದ ಬಂದದ್ದು.

ರಾಗಿ ನಾಡಿನಲ್ಲಿ ಒಲೆಗೆ ಒಂದು ವಿಶೇಷ ಪರೀಕ್ಷೆ ಇದೆ. ಮುದ್ದೆ ತಿರುವುವಾಗ ಇಡೀ ಮೈಭಾರ ಹಾಕಿ ಕೋಲಾಡಿಸಬೇಕು. ಪಾತ್ರೆ ಅಲುಗಿದರೆ ಹೊಟ್ಟೆ ಮೇಲೆ ಕುದಿಯುವ ಅಂಬಲಿ. ಎತ್ತಿ ಅತ್ತಿತ್ತ ಇಡಬಹುದಾದ ಹಗುರ ತಗಡಿನ ಒಲೆ ಎಷ್ಟೇ ಹೊಗೆ ತಗ್ಗಿಸಲಿ, ಈ ಪರೀಕ್ಷೆಯಲ್ಲಿ ಬೀಳುತ್ತದೆ. ನೆಲಕ್ಕೆ ಕಟ್ಟಿದ ಒಲೆ ನಿಲ್ಲುತ್ತದೆ. ಆದರೆ ಕೊಳವೆಗೆ ಮಸಿ ಕಟ್ಟಿದಾಗ ಉಜ್ಜುವವರಾರು, ಬಿರುಕು ಬಿಟ್ಟಾಗ ಮೆತ್ತುವವರಾರು ಎಂಬುದು ಬೇರೆ ಮಾತು.

ಒಡಿಶಾದಲ್ಲಿ ಹಂಚಿದ ಸುಧಾರಿತ ಒಲೆಗಳನ್ನು ಅರ್ಥಶಾಸ್ತ್ರಜ್ಞರಾದ ಎಸ್ತರ್ ಡಫ್ಲೊ, ರೆಮಾ ಹನ್ನಾ, ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷ ನೋಡಿ ಬರೆದದ್ದು ಇದನ್ನೇ. ಮೊದಲ ವರ್ಷ ಹೆಂಗಸರ ಉಸಿರಿಗೆ ಸೇರುವ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆಗಳ ಬಳಕೆ ಇಳಿಯಿತು, ದುರಸ್ತಿ ನಿಂತಿತು. ಕೊನೆಗೆ ಆರೋಗ್ಯದಲ್ಲೂ ವ್ಯತ್ಯಾಸವಿಲ್ಲ, ಸೌದೆಯ ಖರ್ಚಿನಲ್ಲೂ ಇಲ್ಲ.

ಫೋನ್ ಯಾರ ಕೈಯಲ್ಲಿದೆ?

ಇಂದಿನ ಆರೋಗ್ಯ ಸಾಧನಗಳಲ್ಲಿ ಅನೇಕವು ಮೊಬೈಲ್ ಫೋನಿನೊಳಗೆ ಇವೆ. ಹಾಗಾಗಿ ಫೋನ್ ಯಾರದ್ದು ಎಂಬ ಪ್ರಶ್ನೆ ಔಷಧದ ಪ್ರಮಾಣದಷ್ಟೇ ಮುಖ್ಯ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ನೂರಕ್ಕೆ 54 ಮಾತ್ರ. ಉಳಿದವರಿಗೆ ಹೋಗಬೇಕಾದ ಸಂದೇಶ ಗಂಡನ ಜೇಬಿಗೋ ಮಗನ ಆಟದ ನಡುವಿಗೋ ಹೋಗುತ್ತದೆ.

ಈ ಮಿತಿಯೊಳಗೇ ಹುಟ್ಟಿದ ಜಾಣ ಉಪಾಯ ಬೆಂಗಳೂರಿನದು. ಕ್ಷಯರೋಗಿ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಹಿಂದಿನ ಪದ್ಧತಿಯಲ್ಲಿ ವಾರಕ್ಕೆ ಮೂರು ಸಲ ಕೇಂದ್ರಕ್ಕೆ ಬಂದು ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗಬೇಕಿತ್ತು. ಕೂಲಿಯೂ ಹೋಗುತ್ತಿತ್ತು, ಗುಟ್ಟೂ ಹೋಗುತ್ತಿತ್ತು. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಕೇಂದ್ರದಲ್ಲಿ ಬಿಲ್ ಥೀಸ್ ಮತ್ತು ಸಂಗಡಿಗರು ಮಾತ್ರೆಯ ಹಾಳೆಗೆ ಒಂದು ದಪ್ಪ ಕಾಗದದ ಹೊದಿಕೆ ಅಂಟಿಸಿದರು. ಮಾತ್ರೆ ಒತ್ತಿ ತೆಗೆದರೆ ಹಿಂದೆ ಅಡಗಿದ ಅಂಕಿಗಳು ಕಾಣುತ್ತವೆ. ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಇಂದಿನ ಮಾತ್ರೆ ಆಯಿತೆಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಕಾಸು ಖರ್ಚಿಲ್ಲ, ಸ್ಮಾರ್ಟ್‌ಫೋನ್ ಬೇಕಿಲ್ಲ, ಓದು ಬರಹವೂ ಹೆಚ್ಚು ಬೇಕಿಲ್ಲ. ಮಿಸ್ಡ್ ಕಾಲನ್ನು ಭಾಷೆಯಾಗಿ ಮಾಡಿಕೊಂಡ ದೇಶಕ್ಕೆ ತಕ್ಕ ಯೋಚನೆ. ‘99 ಡಾಟ್ಸ್’ ಎಂಬ ಈ ಕ್ರಮವನ್ನು ಸರ್ಕಾರದ ಕ್ಷಯ ಕಾರ್ಯಕ್ರಮವೂ ಬಳಸಿತು.

ಆಮೇಲೆ ಮುಂಬೈ ಮತ್ತು ತಮಿಳುನಾಡಿನಲ್ಲಿ ಸಂಶೋಧಕರು ಮುನ್ಸೂಚನೆ ಇಲ್ಲದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದರು. ಮಾತ್ರೆ ನುಂಗಿದ್ದರೂ ಕರೆ ಮಾಡದಿದ್ದವರು ಬಹಳ ಮಂದಿ ಸಿಕ್ಕರು. ಕರೆ ಬಂದಿದ್ದರೂ ಮಾತ್ರೆ ನುಂಗದವರೂ ಇದ್ದರು. ಕಂಪ್ಯೂಟರಿನ ಪರದೆಯಲ್ಲಿ ‘ತಪ್ಪಿಸಿದವರು’ ಎಂದು ಕಾಣುವವರಲ್ಲಿ ಅನೇಕರು ನಿಯತ್ತಿನ ರೋಗಿಗಳೇ. ಅವರಲ್ಲಿ ಕೆಲವರಿಗೆ ಅಂದು ಫೋನ್ ಕೈಗೆ ಸಿಕ್ಕಿರಲಿಲ್ಲ.

ಬಾಗಿಲು ತಟ್ಟುವವರು

ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಯ ಉಚಿತ ಶಿಬಿರಗಳು ಹೆಸರುವಾಸಿ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಶಿಬಿರ ನಡೆದ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕಣ್ಣಿನ ತೊಂದರೆ ಇದ್ದವರಲ್ಲಿ ನೂರಕ್ಕೆ ಏಳರಷ್ಟು ಜನ ಮಾತ್ರ ಬಂದಿದ್ದರು. ಭಯ, ಮನೆಯ ಹೊಣೆ, ಬಸ್ಸಿನ ಖರ್ಚು ಉಳಿದವರನ್ನು ತಡೆದಿದ್ದವು. 2004ರಿಂದ ಆಸ್ಪತ್ರೆ ಹಳ್ಳಿಗಳ ಹತ್ತಿರವೇ ಪುಟ್ಟ ದೃಷ್ಟಿ ಕೇಂದ್ರಗಳನ್ನು ತೆರೆದು, ತರಬೇತಿ ಪಡೆದ ಸಹಾಯಕಿಯರನ್ನು ಕೂರಿಸಿ, ದೊಡ್ಡ ಆಸ್ಪತ್ರೆಯ ವೈದ್ಯರೊಡನೆ ವಿಡಿಯೊದಲ್ಲಿ ಮಾತಾಡಿಸುವ ಏರ್ಪಾಡು ಮಾಡಿತು. ಹಳ್ಳಿಯವರಿಗೆ ಪರದೆಯ ಮೇಲಿನ ಡಾಕ್ಟರಿಗಿಂತ ಮೊದಲು ಕಾಣುವುದು ಆ ಸಹಾಯಕಿ.

ಬಿಹಾರದಲ್ಲಿ 2012ರಲ್ಲಿ ಬಂದ ‘ಮೊಬೈಲ್ ಕುಂಜಿ’ಯ ಬಲವೂ ಇಂಥದ್ದೇ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಚಿತ್ರವಿರುವ ಕಾರ್ಡುಗಳ ಕಟ್ಟು. ಪ್ರತಿ ಕಾರ್ಡಿನಲ್ಲೂ ಒಂದು ನಂಬರು. ಅದನ್ನು ಸಾಧಾರಣ ಫೋನಿನಲ್ಲಿ ಒತ್ತಿದರೆ ‘ಡಾಕ್ಟರ್ ಅನಿತಾ’ ಎಂಬ ಕಲ್ಪಿತ ವೈದ್ಯೆ ಮಾತಾಡುತ್ತಾರೆ. ಸೊಸೆಗೆ ಹೇಳಬೇಕಾದ್ದನ್ನು ಅತ್ತೆಯ ಮುಂದೆ ಆಶಾ ಹೇಳಿದರೆ ಚಿಕ್ಕ ಬಾಯಿಗೆ ದೊಡ್ಡ ಮಾತಾಗುತ್ತದೆ. ಫೋನಿನೊಳಗಿನ ಡಾಕ್ಟರ್ ಹೇಳಿದರೆ ಅತ್ತೆಯೂ ಕಿವಿಗೊಡುತ್ತಾರೆ.

ರಾಜಸ್ಥಾನದ ಉದಯಪುರದಲ್ಲಿ ‘ಖುಷಿ ಬೇಬಿ’ ಕಥೆ ಇನ್ನೂ ಸ್ವಾರಸ್ಯಕರ. 2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತರಗತಿಯಲ್ಲಿ ಹುಟ್ಟಿದ ಯೋಜನೆ ಇದು. ಲಸಿಕೆ ಕಾರ್ಡು ಕಳೆದುಹೋಗುತ್ತದೆ, ಹರಿಯುತ್ತದೆ, ನೆನೆಯುತ್ತದೆ. ನಮ್ಮ ತಾಯಿ ಕಾರ್ಡಿನ ಪಾಡೂ ಅದೇ. ಮಗುವಿನ ಕೊರಳಿನ ಕಪ್ಪು ದಾರ ಮಾತ್ರ ಕಳೆಯುವುದಿಲ್ಲ, ದೃಷ್ಟಿ ತಾಗದಿರಲೆಂದು ತಾಯಿ ಅದನ್ನು ಕಾಪಾಡುತ್ತಾಳೆ. ತಂಡ ಅದೇ ದಾರಕ್ಕೆ ಚಿಪ್ ಅಡಗಿಸಿದ ಪದಕ ಪೋಣಿಸಿ, ಲಸಿಕೆಯ ದಾಖಲೆಯನ್ನು ಅದರಲ್ಲಿಟ್ಟಿತು. ದಾದಿ ಫೋನ್ ತಾಗಿಸಿದರೆ ಸಾಕು. 2015ರಲ್ಲಿ ಯುನಿಸೆಫ್ ಸ್ಪರ್ಧೆಯಲ್ಲಿ ಅದು ಗೆದ್ದಿತು. ಮುಂದೆ ಸಂಸ್ಥೆಯ ಗಮನ ಪದಕದಿಂದ ಆಶಾ ಕಾರ್ಯಕರ್ತೆಯರ ಆ್ಯಪ್‌ನತ್ತ ಹೊರಳಿತು. ದಾಖಲೆ ಮಗುವಿನ ಕೊರಳಲ್ಲಿದ್ದರೂ ಅದನ್ನು ಓದಿ, ತಪ್ಪಿದ ಲಸಿಕೆಗೆ ಮನೆ ಹುಡುಕಿಕೊಂಡು ಹೋಗಬೇಕಾದವಳು ಆಕೆಯೇ.

ಆದ್ದರಿಂದ ಬಡವರಿಗೆಂದು ಮಾಡುವ ಯಾವ ಸಾಧನಕ್ಕೂ ಈಗ ಇಬ್ಬರು ಬಳಕೆದಾರರು: ಮನೆಯೊಳಗಿನವರು ಮತ್ತು ಬಾಗಿಲು ತಟ್ಟುವ ಆಶಾ. ಎರಡನೆಯವರ ಅನುಕೂಲವನ್ನು ಕೇಳುವವರು ಕಡಿಮೆ. ಆ್ಯಪ್ ಬಂದರೂ ಹಳೆಯ ರಿಜಿಸ್ಟರ್ ಹೋಗುವುದಿಲ್ಲ; ಒಂದೇ ಹೆಸರನ್ನು ಪುಸ್ತಕದಲ್ಲೂ ಬರೆದು ಫೋನಿನಲ್ಲೂ ತುಂಬಬೇಕು, ನೆಟ್‌ವರ್ಕ್ ಸಿಗುವ ಕಡೆ ಹೋಗಿ ಕಳಿಸಬೇಕು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತಾಗ ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಕೊಡಿ ಎಂಬುದು ಮುಖ್ಯ ಬೇಡಿಕೆಯಾಗಿತ್ತು. ಕನಿಷ್ಠ 10 ಸಾವಿರದ ಭರವಸೆ ಸಿಕ್ಕಿತು. ಅವರ ದೂರುಗಳಲ್ಲಿ ತಂತ್ರಜ್ಞಾನದ್ದೂ ಒಂದಿತ್ತು. ಪ್ರೋತ್ಸಾಹಧನದ ಲೆಕ್ಕವನ್ನು ಪೋರ್ಟಲ್‌ಗೆ ಜೋಡಿಸಿದ ಮೇಲೆ, ಮಾಡಿದ ಕೆಲಸ ಅದರಲ್ಲಿ ಸರಿಯಾಗಿ ದಾಖಲಾಗದೆ ಹಣ ಕೈತಪ್ಪುತ್ತಿದೆ, ಆ ಜೋಡಣೆಯನ್ನು ಬಿಡಿಸಿ ಎಂದು ಅವರು ಕೇಳುತ್ತಿದ್ದರು.